ಅಣ್ಣನ ಕಣ್ಣಿಗೆ ಬೀಳುವ ಆಯತ್‌ಗಳು

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಆಸ್ತಿಯೆಲ್ಲ ಅಣ್ಣನ ಕೈಯಲ್ಲಿದೆ. ಪಾಲು ಕೇಳಿದರೆ, ‘ನಿನ್ನ ಮದುವೆಗೆ ಖರ್ಚು ಮಾಡಿಲ್ಲವಾ?’ ಅನ್ನುತ್ತಾನೆ. ಬಡ್ಡಿಗೆ ಸಾಲ ಕೊಡುತ್ತಾನೆ, ಬೆರಳಲ್ಲಿ ಚಿನ್ನದುಂಗುರ ಬೇರೆ. ನನ್ನ ತಲೆ ಮೇಲಿನ ದುಪಟ್ಟಾ ತುಸು ಜಾರಿದರೆ ಮಾತ್ರ ಮಕ್ಕಳೆದುರೇ ‘ದೀನ್ ಮರೆತೆಯಾ?’ ಎಂದು ಗದರುತ್ತಾನೆ. ಧರ್ಮವೆಲ್ಲ ನನ್ನ ಬಟ್ಟೆಯಲ್ಲೇ ಇದೆಯೇ?

ಉತ್ತರ: ನಿಮ್ಮಣ್ಣನಿಗೆ ಕುರ್‌ಆನಿನ ಸೂರಾ (ಅಧ್ಯಾಯ) ಅನ್ನೂರ್‌ನ 31ನೇ ಆಯತ್ (ವಚನ) ಬಾಯಿಪಾಠ ಇರಬೇಕು. ಹೆಂಗಸರು ಶಿರವಸ್ತ್ರವನ್ನು ಎದೆಯ ಮೇಲೆ ಎಳೆದುಕೊಳ್ಳಲಿ ಅನ್ನುವುದು ಅಲ್ಲೇ. ಅದಕ್ಕೂ ಮೊದಲಿನ 30ನೆಯದು ಗಂಡಸರಿಗೆ: ದೃಷ್ಟಿ ತಗ್ಗಿಸಿ. ಪ್ರವಾದಿಯವರ ನಡೆನುಡಿಗಳ ವರದಿಯಾದ ಹದೀಸ್‌ನಲ್ಲೊಂದು ಪ್ರಸಂಗವಿದೆ. ಪ್ರವಾದಿಯವರ ಹಜ್ ಸಮಯ. ಖಸ್‌ಅಮ್ ಬುಡಕಟ್ಟಿನ ಹೆಣ್ಣುಮಗಳೊಬ್ಬಳು ಬಂದು, ‘ನನ್ನ ತಂದೆಗೆ ವಯಸ್ಸಾಗಿದೆ, ಸವಾರಿಯ ಮೇಲೆ ಕೂರಲಾರರು, ಅವರ ಪರವಾಗಿ ನಾನು ಹಜ್ ಮಾಡಬಹುದೇ?’ ಎಂದು ಕೇಳಿದಳು. ಪ್ರವಾದಿಯವರ ಹಿಂದೆ ಕೂತಿದ್ದ ಫಜ್ಲ್ ಬಿನ್ ಅಬ್ಬಾಸ್ ಆಕೆಯನ್ನೇ ನೋಡತೊಡಗಿದ. ಪ್ರವಾದಿಯವರು ಅವನ ಮುಖವನ್ನು ಆಚೆ ತಿರುಗಿಸಿದರು, ಆಕೆಗೆ ‘ಹೌದು, ಮಾಡಬಹುದು’ ಎಂದರು. ಈ ಪ್ರಸಂಗವನ್ನು ನಿಮ್ಮಣ್ಣ ಮನೆಯಲ್ಲಿ ಎಂದಾದರೂ ಎತ್ತಿದ್ದಾರೆಯೇ?

ಪಾಲಿನ ಮಾತಿಗೆ ಬರೋಣ. ಸೂರಾ ಅನ್ನಿಸಾದ 7ನೇ ಆಯತ್ ಪ್ರಕಾರ ಆಸ್ತಿ ಕಡಿಮೆಯಿರಲಿ ಹೆಚ್ಚಿರಲಿ, ಹೆಣ್ಣಿಗೂ ನಿಗದಿತ ಪಾಲುಂಟು. 11ನೆಯದು ಲೆಕ್ಕವನ್ನೇ ಕೊಡುತ್ತದೆ: ಮಗನಿಗೆ ಎರಡಾದರೆ ಮಗಳಿಗೆ ಒಂದು. ಹಂಚುವ ಮೊದಲು ಅಲ್ಲಿ ಕಳೆಯಲು ಹೇಳಿರುವುದು ಅಪ್ಪನ ವಸೀಯತ್ (ಉಯಿಲು) ಮತ್ತು ಸಾಲವನ್ನು, ತಂಗಿಯ ಮದುವೆ ಖರ್ಚನ್ನಲ್ಲ. ಈ ಮಿತಿ ಮೀರಿದವರಿಗೆ ನರಕ ಎಂದು 14ನೆಯದು ಎಚ್ಚರಿಸುತ್ತದೆ. ಬಡ್ಡಿ ಬಿಡದವರ ಮೇಲಂತೂ ಅಲ್‌ಬಕರಾದ 279ನೇ ಆಯತ್ ಅಲ್ಲಾಹನ ಯುದ್ಧವನ್ನೇ ಸಾರುತ್ತದೆ. ಉಂಗುರ ಚಿಕ್ಕ ವಿಷಯ, ಆದರೂ ಹೇಳಿಬಿಡುತ್ತೇನೆ: ಗಂಡಸಿನ ಬೆರಳಲ್ಲಿದ್ದ ಚಿನ್ನದುಂಗುರವನ್ನು ಪ್ರವಾದಿಯವರು ಕಳಚಿ ಎಸೆದ ಹದೀಸ್ ಇದೆ.

ಇಷ್ಟೆಲ್ಲ ಬಿಟ್ಟು ದುಪಟ್ಟಾವೇ ಏಕೆ ಕಾಣುತ್ತದೆ? ಅದು ಬೀದಿಗೆ ಕಾಣುತ್ತದೆ, ಆಸ್ತಿಪತ್ರ ಬೀರುವಿನಲ್ಲಿರುತ್ತದೆ. ತಂಗಿಯ ತಲೆ ಮುಚ್ಚಿಸಲು ಅಣ್ಣನ ಕೈಯಿಂದ ಬಿಡಿಗಾಸೂ ಹೋಗುವುದಿಲ್ಲ.

ಹಾಗಂತ, ಅಣ್ಣ ತಪ್ಪಿದ್ದಾರೆ ಅನ್ನುವುದು ನಿಮ್ಮ ಉಡುಪಿನ ಪ್ರಶ್ನೆಗೆ ಉತ್ತರವಲ್ಲ. ತಲೆ ಮುಚ್ಚುವುದು ಕಡ್ಡಾಯ ಅನ್ನುವವರೇ ಉಲಮಾಗಳಲ್ಲಿ, ಅಂದರೆ ಧರ್ಮಪಂಡಿತರಲ್ಲಿ, ಹೆಚ್ಚು; ಬೇರೆ ರೀತಿ ಓದುವವರೂ ಇದ್ದಾರೆ. ಓದಿ, ವಿಚಾರಿಸಿ, ನೀವೇ ತೀರ್ಮಾನಿಸಿ. ಅದು ನಿಮ್ಮ ಮತ್ತು ಅಲ್ಲಾಹನ ನಡುವಿನ ವಿಷಯ.

ಒಂದು ಜಾಗ್ರತೆ ಇರಲಿ. ಅಣ್ಣ ದುಪಟ್ಟಾ ಮಾತೆತ್ತಿದಾಗ ನೀವು ಪಾಲಿನ ಮಾತೆತ್ತಬೇಡಿ. ‘ನೀನು ಸರಿಯಾಗಿ ಉಡು, ಆಮೇಲೆ ನೋಡೋಣ’ ಎಂದು ಚೌಕಾಶಿಗೆ ಇಳಿದುಬಿಡುತ್ತಾರೆ. ಪಾಲನ್ನು ಬೇರೆಯದೇ ದಿನ ಕೇಳಿ. ಮನೆಯ ಇಬ್ಬರು ಹಿರಿಯರನ್ನು, ಫರಾಯಿಜ್ (ಆಸ್ತಿ ಪಾಲಿನ) ಲೆಕ್ಕ ಬಲ್ಲ ಒಬ್ಬ ಆಲಿಮರನ್ನು (ಧರ್ಮಪಂಡಿತರನ್ನು) ಕೂರಿಸಿಕೊಂಡು, ಆಸ್ತಿಪತ್ರ ಮುಂದಿಟ್ಟುಕೊಂಡೇ ಕೇಳಿ.