ಗಡ್ಡೆಯ ಮುಂದೆ ಕಾರ್-ಟಿ ಎಡವುವುದೇಕೆ?

ಪ್ರಿಯ ಓದುಗರೆ,

ರಕ್ತದ ಕ್ಯಾನ್ಸರಿನಲ್ಲಿ ಗೆದ್ದ ಕಾರ್-ಟಿ ಕೋಶಗಳು (ಕ್ಯಾನ್ಸರನ್ನು ಗುರುತಿಸಿ ಕೊಲ್ಲುವಂತೆ ಮಾರ್ಪಡಿಸಿದ ರೋಗನಿರೋಧಕ ಕೋಶಗಳು) ಶ್ವಾಸಕೋಶ, ಮೇದೋಜೀರಕ ಗ್ರಂಥಿಗಳ ಗಡ್ಡೆಯನ್ನು ಏಕೆ ಕರಗಿಸುತ್ತಿಲ್ಲ, ಇನ್ನಷ್ಟು ಬಲವಾದ ಕೋಶ ತಯಾರಿಸಿದರೆ ಸಾಲದೆ ಎಂದು ಕೇಳಿದ್ದೀರಿ. ಚಿಕಿತ್ಸೆಯಲ್ಲಿರುವ ನಿಮ್ಮ ಬಂಧುವಿನಿಂದ ದಿನವೂ ಒಂದು ವಾಕ್ಯ ಬರೆಸುತ್ತಾರಲ್ಲ, ಅದೇಕೆ ಎಂಬುದು ಎರಡನೆಯ ಪ್ರಶ್ನೆ.

ಬಲಕ್ಕಿಂತ ದೊಡ್ಡ ತೊಡಕು ಗುರಿಯದು. ರೋಗಿಯ ರಕ್ತದಿಂದ ಟಿ ಕೋಶಗಳನ್ನು ಬೇರ್ಪಡಿಸಿ, ಪಳಗಿಸಿದ ವೈರಸ್ಸಿನ ಮೂಲಕ ಕಾರ್ ಎಂಬ ಹೊಸ ರಿಸೆಪ್ಟರಿನ (ಗುರಿಯನ್ನು ಗುರುತಿಸುವ ಪ್ರೋಟೀನಿನ) ಜೀನ್ ಸೇರಿಸಿ, ಸಂಖ್ಯೆ ಹೆಚ್ಚಿಸಿ ಮರಳಿ ದೇಹಕ್ಕೆ ಬಿಡುತ್ತಾರೆ. ಅದಕ್ಕೆ ಮೊದಲು ಫ್ಲುಡರಬಿನ್, ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಔಷಧಗಳನ್ನು ಕೊಟ್ಟು ಹಳೆಯ ಲಿಂಫೋಸೈಟುಗಳನ್ನು (ಟಿ, ಬಿ ಕೋಶಗಳಂಥ ಬಿಳಿ ರಕ್ತಕಣಗಳನ್ನು) ತಗ್ಗಿಸುತ್ತಾರೆ. ಇಲ್ಲವಾದರೆ ಹೊಸವು ಚೆನ್ನಾಗಿ ಬೆಳೆಯುವುದಿಲ್ಲ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಕಾರ್-ಟಿಯ ಗುರಿ ಸಿಡಿ19 ಎಂಬ ಪ್ರೋಟೀನ್. ಅದು ಕ್ಯಾನ್ಸರ್ ತಗುಲಿದ ಬಿ ಕೋಶದ ಮೇಲೂ ಇದೆ, ಆರೋಗ್ಯವಂತ ಬಿ ಕೋಶದ ಮೇಲೂ ಇದೆ. ಸಾಯುವುದು ಎರಡೂ. ಆದರೆ ಬಿ ಕೋಶಗಳಿಲ್ಲದೆ ಮನುಷ್ಯ ಬದುಕಬಲ್ಲ, ಅವು ತಯಾರಿಸಬೇಕಿದ್ದ ಪ್ರತಿಕಾಯಗಳನ್ನು (ಇಮ್ಯುನೊಗ್ಲಾಬ್ಯುಲಿನ್) ಹನಿಸಿ ಸೋಂಕು ತಡೆಯಬಹುದು. ಈ ಗೆಲುವಿನಲ್ಲಿ ಜಾಣ್ಮೆಯಷ್ಟೇ ಪಾಲು ಈ ಅನುಕೂಲದ್ದೂ ಹೌದು.

ಶ್ವಾಸಕೋಶಕ್ಕೆ ಅಂಥ ರಿಯಾಯಿತಿಯಿಲ್ಲ. 2010ರಲ್ಲಿ ವರದಿಯಾದ ಪ್ರಕರಣ ನೋಡಿ. ಹರ್2 ಎಂಬ ಪ್ರೋಟೀನಿಗೆ ಗುರಿಯಿಟ್ಟ ಸುಮಾರು 1,000 ಕೋಟಿ ಕೋಶಗಳನ್ನು ಕರುಳಿನ ಕ್ಯಾನ್ಸರ್ ಹರಡಿದ್ದ ರೋಗಿಗೆ ಕೊಡಲಾಯಿತು. ಹದಿನೈದೇ ನಿಮಿಷದಲ್ಲಿ ಉಸಿರಾಟ ಕೆಟ್ಟಿತು, ಐದು ದಿನಗಳಲ್ಲಿ ಸಾವು. ಶ್ವಾಸಕೋಶದ ಕೋಶಗಳ ಮೇಲೆ ಅತ್ಯಲ್ಪವಾಗಿದ್ದ ಹರ್2 ಅನ್ನು ಅವು ಗುರುತಿಸಿದ್ದವು ಎಂಬುದು ವೈದ್ಯರ ತೀರ್ಮಾನ. ನೀವು ಕೇಳುವ ‘ಇನ್ನಷ್ಟು ಬಲ’ ಇಲ್ಲಿ ಅಪಾಯವನ್ನೇ ಹೆಚ್ಚಿಸುತ್ತದೆ.

ಗುರಿ ಸಿಕ್ಕರೂ ಗಡ್ಡೆಯೊಳಗೆ ನುಗ್ಗಬೇಕು, ಆಮ್ಲಜನಕ ಕಡಿಮೆಯಿರುವಲ್ಲಿ ದಣಿಯದೆ ಉಳಿಯಬೇಕು. ಒಂದೇ ಗಡ್ಡೆಯ ಎಲ್ಲ ಕೋಶಗಳ ಮೇಲೂ ಆ ಗುರಿ ಇರುವುದಿಲ್ಲ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ: 2024ರ ಆಗಸ್ಟಿನಲ್ಲಿ ಸೈನೋವಿಯಲ್ ಸಾರ್ಕೋಮಾಕ್ಕೆ (ಮೃದು ಅಂಗಾಂಶದ ಅಪರೂಪದ ಕ್ಯಾನ್ಸರ್) ಅಫಾಮಿ-ಸೆಲ್ ಎಂಬ ಕೋಶ ಚಿಕಿತ್ಸೆ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಇದು ಕಾರ್ ಅಲ್ಲ, ಮಾರ್ಪಡಿಸಿದ ಟಿ ಕೋಶ ರಿಸೆಪ್ಟರ್. ಕೋಶದೊಳಗಿನ ಮೇಜ್-ಎ4 ಪ್ರೋಟೀನಿನ ತುಣುಕನ್ನು ಗುರುತಿಸುತ್ತದೆ, ಆದರೆ ನಿರ್ದಿಷ್ಟ ಎಚ್‌ಎಲ್‌ಎ (ಆ ತುಣುಕನ್ನು ಕೋಶದ ಹೊರಗೆ ತೋರಿಸುವ ಪ್ರೋಟೀನ್) ಮಾದರಿ ಇರುವವರಿಗೆ ಮಾತ್ರ.

ಇನ್ನು ಬರವಣಿಗೆಯ ವಿಷಯ. ಕೋಶಗಳು ಕೆಲಸ ಶುರುಮಾಡಿದಾಗ ಜ್ವರ ಬರುತ್ತದೆ, ಕೆಲವರಲ್ಲಿ ರಕ್ತದೊತ್ತಡ ಕುಸಿಯುತ್ತದೆ. ಇದಕ್ಕೆ ಟೋಸಿಲಿಜುಮ್ಯಾಬ್ ಎಂಬ ಔಷಧ ಕೊಡುತ್ತಾರೆ: ದೊಡ್ಡವರಿಗೆ ಕಿಲೋ ತೂಕಕ್ಕೆ 8 ಮಿಲಿಗ್ರಾಂ, ಒಂದು ಸಲಕ್ಕೆ 800 ಮೀರದಂತೆ. ಕೆಲವರಲ್ಲಿ ಇದೇ ಚಿಕಿತ್ಸೆಯಿಂದ ಮಿದುಳಿಗೂ ತೊಂದರೆಯಾಗುತ್ತದೆ, ಅದರ ಕಥೆ ಬೇರೆ. ಈ ಔಷಧ ಅಲ್ಲಿಗೆ ಸರಿಯಾಗಿ ತಲುಪದು, ಸ್ಟಿರಾಯ್ಡೇ ಬೇಕು. ಅದನ್ನು ಬೇಗ ಹಿಡಿಯಲು ಹತ್ತು ಅಂಕಗಳ ಪರೀಕ್ಷೆಯಿದೆ: ಇಸವಿ, ತಿಂಗಳು, ಊರು, ಆಸ್ಪತ್ರೆ ಹೇಳುವುದಕ್ಕೆ ನಾಲ್ಕು, ಮೂರು ವಸ್ತು ಹೆಸರಿಸುವುದಕ್ಕೆ ಮೂರು, ಹೇಳಿದ್ದನ್ನು ಮಾಡುವುದು, ಒಂದು ವಾಕ್ಯ ಬರೆಯುವುದು, ನೂರರಿಂದ ಹತ್ತು ಹತ್ತಾಗಿ ಹಿಂದೆ ಎಣಿಸುವುದು, ಇವಕ್ಕೆ ಒಂದೊಂದು. ಮಾತು ಸರಿಯಾಗಿದ್ದಾಗಲೇ ಕೈಬರಹ ಸೊಟ್ಟಗಾಗುವುದುಂಟು. ಹಾಗೆ ಕಂಡರೆ ಮರುದಿನದ ತಪಾಸಣೆಗೆ ಕಾಯದೆ ಆಗಲೇ ದಾದಿಯರಿಗೆ ತೋರಿಸಿ.

— ಸಂಪಾದಕ