ಪ್ರತಿಕ್ರಿಯೆ: ರೋಧಶೀಲತೆಯ ಸಮೀಕ್ಷೆಗೆ ತೈಲ ಕಾಣುವುದೇ?

ಕೊಳವೆಬಾವಿಗೆ ಜಾಗ ಗುರುತಿಸುವ ವಿದ್ಯುತ್ ರೋಧಶೀಲತೆಯ ಸಮೀಕ್ಷೆಯಿಂದಲೇ ಅರವತ್ತು ಮೀಟರ್ ಆಳದ ತೈಲವನ್ನು ಪತ್ತೆಹಚ್ಚಬಹುದೇ ಎಂದು ತಾವು ಕೇಳಿದ್ದೀರಿ. ತಾತ್ತ್ವಿಕವಾಗಿ ಸಾಧ್ಯ, ಆದರೆ ಉಪಕರಣವು ಅಳೆಯುವುದು ತೈಲವನ್ನಲ್ಲ, ನೆಲವು ವಿದ್ಯುತ್ತಿಗೆ ಒಡ್ಡುವ ತಡೆಯನ್ನು.

ಕೆನಡಾದ ಅಥಾಬಾಸ್ಕಾ ಪ್ರದೇಶದಲ್ಲಿ ಮೆಕ್‌ಮರ್ರೆ ಸ್ತರದ ಮರಳಿನ ರಂಧ್ರಗಳನ್ನು ವಿದ್ಯುತ್ ಹರಿಯಗೊಡುವ ನೀರಿನ ಬದಲು ಬಿಟುಮೆನ್ (ಟಾರಿನಂಥ ಗಟ್ಟಿ ತೈಲ) ತುಂಬಿರುವುದರಿಂದ, ಅದರ ರೋಧಶೀಲತೆಯು ಮೇಲೆ ಹಾಸಿರುವ ಕ್ಲಿಯರ್‌ವಾಟರ್ ಜೇಡಿಶಿಲೆಗಿಂತ ಎಷ್ಟೋ ಪಟ್ಟು ಹೆಚ್ಚು, ಹೀಗಾಗಿ ಆಳವಿಲ್ಲದ ಕಡೆ ಈ ವಿಧಾನವು ಚೆನ್ನಾಗಿ ಫಲಿಸುತ್ತದೆ. ತೊಡಕೆಂದರೆ, ಸಿಹಿನೀರು ತುಂಬಿದ ಮರಳು, ಸುಣ್ಣಕಲ್ಲು, ಒಣ ಜಲ್ಲಿ ಇವೆಲ್ಲವೂ ಅಂಥದೇ ಹೆಚ್ಚಿನ ಅಂಕಿಯನ್ನು ತೋರಿಸಬಲ್ಲವು. ಜೊತೆಗೆ ಮೇಲ್ಪದರದ ಜೇಡಿಯು ದಪ್ಪವಾಗಿದ್ದರೆ ವಿದ್ಯುತ್ತು ಅದರಲ್ಲೇ ಹರಿದು, ಕೆಳಗಿನ ಸುಳಿವು ಮಸುಕಾಗುತ್ತದೆ.

1923ರಲ್ಲಿ ಈ ವಿಧಾನದ ಆದ್ಯರಾದ ಫ್ರಾನ್ಸಿನ ಶ್ಲುಂಬರ್ಜರ್ ಸಹೋದರರ ತಂಡವು ರುಮೇನಿಯಾದ ಅರಿಚೆಷ್ಟಿಯಲ್ಲಿ ವಿದ್ಯುತ್ ಸಮೀಕ್ಷೆಯಿಂದ ಗುರುತಿಸಿದ್ದೂ ತೈಲವನ್ನಲ್ಲ, ಉಪ್ಪಿನ ಗುಮ್ಮಟವನ್ನು, ಅಂದರೆ ನೆಲದಾಳದಿಂದ ಮೇಲಕ್ಕೆ ಉಬ್ಬಿದ, ಪಕ್ಕದಲ್ಲಿ ತೈಲ ಸೇರಿಕೊಳ್ಳಬಲ್ಲ ಉಪ್ಪಿನ ರಾಶಿಯನ್ನು. ತೈಲ ನಿಲ್ಲಬಲ್ಲ ಇಂಥ ಭೂರಚನೆಯನ್ನು ಹುಡುಕುವುದೇ ಇದರ ನಿಜವಾದ ಬಲವೆಂದು ನನ್ನ ಅಭಿಪ್ರಾಯ.

ಅರವತ್ತು ಮೀಟರ್ ತಲುಪಲು ಸ್ಥೂಲವಾಗಿ ಮುನ್ನೂರು ಮೀಟರ್ ಉದ್ದದ ಎಲೆಕ್ಟ್ರೋಡ್ (ವಿದ್ಯುತ್ ಹರಿಸಿ ಅಳೆಯಲು ನೆಲಕ್ಕೆ ಊರುವ ಲೋಹದ ಕಡ್ಡಿ) ಸಾಲು ಬೇಕಾಗುತ್ತದೆ. ಆ ಸಾಲು ಹತ್ತಿರದ ಯಾವುದಾದರೂ ಹಳೆಯ ಕೊರೆಬಾವಿಯ ಪಕ್ಕದಲ್ಲಿ ಹಾಯುವಂತೆ ನೋಡಿಕೊಳ್ಳಿ. ಅಲ್ಲಿನ ಪದರಗಳ ದಾಖಲೆಯಿಲ್ಲದೆ ಅಂಕಿಗಳನ್ನು ಅರ್ಥೈಸುವುದು ಬಹುಮಟ್ಟಿಗೆ ಊಹೆಯೇ ಆಗುತ್ತದೆ.