ಅಡುಗೆಯ ಚರಿತ್ರೆ ನೋಡಿದರೆ ಅಮೆರಿಕದ ಜನಾಂಗಗಳ ಕಥೆ ತಿಳಿಯುತ್ತದೆಯೇ?

ಖಂಡಿತ ತಿಳಿಯುತ್ತದೆ. ಲೂಯಿಸಿಯಾನದ ಗಂಬೋ ತಗೊಳ್ಳಿ, ನಮ್ಮ ಹುಳಿಯಷ್ಟೇ ಗಟ್ಟಿಯಾದ ಸಾರು. ಬೆಂಡೆಕಾಯಿಗೆ ಆಫ್ರಿಕಾದಲ್ಲಿರುವ ಒಂದು ಪದದಿಂದಲೇ ಆ ಹೆಸರು ಬಂತು ಎಂದು ಹೆಚ್ಚಿನವರು ಹೇಳುತ್ತಾರೆ. ಹಿಟ್ಟು ಹುರಿಯುವ ರೀತಿ ಫ್ರೆಂಚರದ್ದು. ಕೆಲವರು ಹಾಕುವ ಸಸಾಫ್ರಾಸ್ ಎಲೆಯ ಪುಡಿ ಚೋಕ್ಟಾ ಎಂಬ ಮೂಲನಿವಾಸಿಗಳದ್ದು. ನಾವು ತಿನ್ನುವ ಅಲಸಂದೆಯೂ ಆಫ್ರಿಕಾ ಮೂಲದ್ದೇ. ಗುಲಾಮರ ವ್ಯಾಪಾರದ ಕಾಲದಲ್ಲಿ ಅದೂ ಅಟ್ಲಾಂಟಿಕ್ ದಾಟಿತು.

ದಕ್ಷಿಣ ಕೆರೊಲಿನಾ ಭತ್ತದಿಂದ ಶ್ರೀಮಂತವಾಯಿತು. ಗದ್ದೆಗಿಳಿದು ದುಡಿದವರಲ್ಲಿ ಅನೇಕರು ಭತ್ತ ಬೆಳೆಯುವ ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದವರು. ದುಡ್ಡು ಮಾತ್ರ ಯಜಮಾನರಿಗೆ.

ನನ್ನನ್ನು ಜಾಸ್ತಿ ಕಾಡುವುದು ಜೇಮ್ಸ್ ಹೆಮಿಂಗ್ಸ್ ಎಂಬ ಗುಲಾಮ ಬಾಣಸಿಗ. ಮ್ಯಾಕರೋನಿ-ಚೀಸ್ ಅಂದರೆ ಸುಮ್ನೆ ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ಹೆಸರು ಹೇಳಿಬಿಡುತ್ತಾರೆ. ಜೆಫರ್ಸನ್ ಏನು ಸೌಟು ಹಿಡಿದಿದ್ದನೇ? ತನ್ನ ಗುಲಾಮ ಜೇಮ್ಸ್‌ನನ್ನು 1784ರಲ್ಲಿ ಪ್ಯಾರಿಸ್‌ಗೆ ಕರೆದೊಯ್ದು ಫ್ರೆಂಚ್ ಅಡುಗೆ ಕಲಿಸಿದ. ಆಮೇಲೆ ಬಿಡುಗಡೆಗೆ ಷರತ್ತು ಹಾಕಿದ: ಮೊದಲು ಇನ್ನೊಬ್ಬನಿಗೆ ಆ ಅಡುಗೆ ಕಲಿಸಬೇಕು. ಜೇಮ್ಸ್ ತನ್ನ ತಮ್ಮ ಪೀಟರ್‌ಗೆ ಕಲಿಸಿ 1796ರಲ್ಲಿ ಸ್ವತಂತ್ರನಾದ. ಪೀಟರ್ ಅದೇ ಅಡುಗೆಮನೆಯಲ್ಲಿ ಗುಲಾಮನಾಗಿ ಉಳಿದ.